ಮಷೀನಿನ ಮೇಲೆ ಮಾವನ ಹೆಸರು

ನಿಶಾತಳ ಅಕ್ಷರ ಶಿರಹಟ್ಟಿಯ ಎಷ್ಟು ಅಡುಗೆಮನೆಗಳಲ್ಲಿದೆಯೋ ಅವಳಿಗೇ ಗೊತ್ತಿಲ್ಲ. ಅವಳ ಅಪ್ಪ ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಪಾತ್ರೆಗಳಿಗೆ ಹೆಸರು ಹಾಕುವವನು. ಪೆನ್ನಿನಂತೆ ಹಿಡಿಯುವ, ಕರೆಂಟಿನಿಂದ ಗುಂಯ್‌ಗುಡುವ ಪುಟ್ಟ ಮಷೀನು ಅವನದು. ಅದರ ಮೊನೆ ಮುಟ್ಟಿದಲ್ಲಿ ಸ್ಟೀಲಿನ ಮೇಲೆ ಬೆಳ್ಳನೆ ಚುಕ್ಕಿ ಬೀಳುತ್ತದೆ, ಚುಕ್ಕಿ ಕೂಡಿ ಅಕ್ಷರವಾಗುತ್ತದೆ. ಅಪ್ಪನ ಕಣ್ಣು ಮಂಜಾದ ಮೇಲೆ ಅಂಗಡಿಯವರು ಪಾತ್ರೆಗಳನ್ನು ಚೀಲದಲ್ಲಿ ಕಟ್ಟಿ ಮನೆಗೇ ಕಳಿಸತೊಡಗಿದರು. ಮದುವೆಯ ದಿನಗಳಲ್ಲಿ ನಿಶಾತ ಗೋಡೆಗೆ ಒರಗಿ, ಕೊಡವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೆಸರು ಹಾಕುತ್ತಿದ್ದಳು. ಕೊಡಕ್ಕೆ ಬೀಗರ ಹೆಸರು, ಪರಾತಕ್ಕೆ ಮನೆಯ ಹಿರಿಯನ ಹೆಸರು, ತವರಿನಿಂದ ಬಂದ ತಾಟಿಗೆ ತಂದೆಯ ಹೆಸರು. ಆ ಪಾತ್ರೆಗಳನ್ನು ಬೂದಿ ಹಚ್ಚಿ ತಿಕ್ಕುವವಳ ಹೆಸರನ್ನು ಮಾತ್ರ ಯಾರೂ ಬರೆದುಕೊಟ್ಟದ್ದಿಲ್ಲ. ಅವಳಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

ಮದುವೆಯಾಗಿ ಬೆಟಗೇರಿಗೆ ಬಂದಳು. ಗಂಡ ಶಫೀಕ ಬಡಗಿ. ಮಾವ ಅಲ್ಲಾಉದ್ದೀನನೂ ಬಡಗಿಯೇ, ಆದರೆ ಉಳಿ, ಬಾಚಿ, ಮರ ಹೆರೆಯುವ ಕೈರಂಧಾಗಳ ಕಾಲದವನು. ಕರೆಂಟಿನ ಮಷೀನು ಶುರುವಾದರೆ ಎದ್ದು ಹೊರಗೆ ಹೋಗುತ್ತಿದ್ದ. ಎರಡು ಕೋಣೆ, ಮುಂದೊಂದು ತಗಡಿನ ಛಪ್ಪರ, ಅದೂ ಬಾಡಿಗೆಯದು. ಮಗಳು ನಸ್ರೀನ ಹುಟ್ಟಿದ್ದು ಅದೇ ಮನೆಯಲ್ಲಿ.

ಶಫೀಕ ಹೊಸ ಮನೆಗಳಿಗೆ ಬಾಗಿಲು, ಕಿಟಕಿ, ಅಡುಗೆಮನೆಯ ಕಪಾಟು ಕೂಡಿಸುತ್ತಿದ್ದ. ಸಂಜೆ ಅವನು ಮನೆ ಮುಟ್ಟಿದಾಗ ಮೊದಲು ಒಳಗೆ ಬರುತ್ತಿದ್ದುದು ಮಷೀನುಗಳು. ಡ್ರಿಲ್, ಕಟರ್, ರಂಧಾ ಮಷೀನು, ಮರ ನುಣುಪು ಮಾಡುವ ಸ್ಯಾಂಡಿಂಗ್ ಮಷೀನು. ಅವನು ಕೈಕಾಲು ತೊಳೆದು ಚಹಾ ಕುಡಿಯುವಷ್ಟರಲ್ಲಿ ನಿಶಾತ ಹಳೆಯ ಬ್ರಶ್ಶಿನಿಂದ ಅವುಗಳ ಸಂದಿಯ ಪುಡಿ ತೆಗೆಯಬೇಕು, ವಾಯರು ಮುರಿಯದ ಹಾಗೆ ಸುತ್ತಬೇಕು, ಡ್ರಿಲ್ಲಿನ ಬಿಟ್ಟುಗಳನ್ನು ಚಮಚಗಳ ಹಾಗೆ ಎಣಿಸಿ ಡಬ್ಬಿಗೆ ಹಾಕಬೇಕು, ಎಲ್ಲವನ್ನೂ ತನ್ನ ಮದುವೆಯ ಟ್ರಂಕಿನಲ್ಲಿಟ್ಟು ಕೀಲಿ ಹಾಕಬೇಕು. ಟ್ರಂಕಿನ ಸೀರೆಗಳು ಎಂದೋ ಗೋಣಿಚೀಲ ಸೇರಿದ್ದವು. ಛಪ್ಪರಕ್ಕೆ ಕಪಾಟಿನ ಹಲಗೆಗಳು ಬಂದರೆ ಅವುಗಳ ನುಣುಪೂ ಅವಳದೇ ಕೆಲಸ. “ನಮ್ಮ ಮನಿಯಾಕಿ ಸ್ವಲ್ಪ ಕೈ ಹಚ್ಚತಾಳ” ಎಂದು ಶಫೀಕ ಗಿರಾಕಿಗಳಿಗೆ ಹೇಳುತ್ತಿದ್ದ. ಆ ‘ಸ್ವಲ್ಪ’ ಮಧ್ಯಾಹ್ನದ ಪಾತ್ರೆ ತೊಳೆದಲ್ಲಿಂದ ಹಿಡಿದು ಸಂಜೆ ಕಸ ಗುಡಿಸುವವರೆಗೆ ನಡೆಯುತ್ತಿತ್ತು. ಹಾಗೆ ಹಚ್ಚುತ್ತ ಹಚ್ಚುತ್ತ ಅವಳ ಕೈ ಪಳಗಿತು. ಕೊನೆಕೊನೆಗೆ ಶಫೀಕ ಅಳತೆ ಹಾಕಿ ಹೋದರೆ ಕೊಯ್ದು, ತೂತು ಹೊಡೆದು, ಕೂಡಿಸಿ ಇಡುವಷ್ಟಾದಳು.

ಕಳವು ಶುರುವಾದದ್ದು ಮಲ್ಲಸಮುದ್ರದ ಕಡೆಯ ಹೊಸ ಲೇಔಟಿನಲ್ಲಿ. ಕಿಟಕಿಗಳಿಗೆ ಇನ್ನೂ ಗ್ರಿಲ್ ಕೂಡಿಸಿರದ ಮನೆ. ಶಫೀಕ ಬಾಗಿಲಿಗೆ ಕೀಲಿ ಹಾಕಿ ಊಟಕ್ಕೆ ಹೋದವನು ಬಂದು ನೋಡಿದರೆ ಮೂಲೆಯಲ್ಲಿ ಪುಡಿಯಷ್ಟೇ ಇತ್ತು. ಡ್ರಿಲ್ಲೂ ಇಲ್ಲ, ಕಟರೂ ಇಲ್ಲ. ಬಡಗಿಯ ಮಷೀನು ಹೋದರೆ ಅವನ ಕೈ ಹೋದ ಹಾಗೆ. ಮೂರು ದಿನ ಮನೆಯಲ್ಲಿ ಕುಳಿತ. ನಾಲ್ಕನೆಯ ದಿನ ನಿಶಾತ ಕಿವಿಯ ಝುಮಕಿ ಬಿಚ್ಚಿ ಅವನ ಮುಂದಿಟ್ಟಳು. ಅಲ್ಲಾಉದ್ದೀನ ಅಲ್ಲೇ ಕುಳಿತು ಅಡಕೆ ಕತ್ತರಿಸುತ್ತಿದ್ದ. “ಕೊಡಬ್ಯಾಡ, ಬೇಟಿ” ಎಂದೂ ಅನ್ನಲಿಲ್ಲ, “ಕೊಡು” ಎಂದೂ ಅನ್ನಲಿಲ್ಲ.

ಹೊಸ ಮಷೀನುಗಳು ಬಂದ ದಿನ ನಿಶಾತಳೇ ಮಾತು ತೆಗೆದಳು.

“ಹೆಸರು ಹಾಕ್ತೀನ್ರಿ ಇವಕ್ಕ. ಅಪ್ಪನ ಮಷೀನು ಶಿರಹಟ್ಟ್ಯಾಗ ಸುಮ್ಮ ಬಿದ್ದೈತಿ, ತರ್ರಿ. ಪ್ಲಾಸ್ಟಿಕ್ ಮ್ಯಾಲೆ ಹಾಕಿದ್ರ ಉಜ್ಜಿ ತೆಗೀತಾರ. ಕಬ್ಬಿಣದ ಭಾಗಕ್ಕ ಒಂದು ಹಾಕೋಣು, ಬಿಚ್ಚಿದ್ರ ಅಷ್ಟ ಕಾಣೂ ಹಂಗ ಒಳಗೊಂದು.”

ಶಫೀಕನಿಗೆ ಮಾತು ಹಿಡಿಸಿತು. ಪೆನ್ನಿನಂಥ ಆ ಮಷೀನು ತಂದುಕೊಟ್ಟ. ನಿಶಾತ ಡ್ರಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. “ಯಾರ ಹೆಸರು?”

“ಅದನ್ನೇನ ಕೇಳ್ತೀ? ಅಬ್ಬಾಂದು.”

“ದುಡಿಯಾವ್ರು ನೀವು.”

“ಹುಚ್ಚಿ, ಅಬ್ಬಾ ಇರೂವಾಗ ನನ್ನ ಹೆಸರು ಕೆತ್ತಿದ್ರ ಮಂದಿ ಏನಂದಾರು? ಶಫೀಕ ಬ್ಯಾರೆ ಆದ, ಮುದುಕನ ಕಣ್ಣಮುಂದನ ಪಾಲು ಹಚ್ಚಿದ ಅಂತಾರ.”

“ಹಂಗಾದ್ರ ನನ್ನ ಹೆಸರು ಹಾಕ್ಲೇನು? ಝುಮಕಿ ನಂದು.”

ಶಫೀಕ ಹೊಟ್ಟೆ ಹಿಡಿದುಕೊಂಡು ನಕ್ಕ. “ಡ್ರಿಲ್ ಮಷೀನಿನ ಮ್ಯಾಲೆ ನಿಶಾತ! ಗೌಂಡಿಗಳು ನೋಡಿದ್ರ, ಹೇಂತಿ ಮಿಕ್ಸರ್ ಕದ್ದು ತಂದಾನ ಅಂದಾರು.”

ಅವಳೂ ನಕ್ಕಳು. ಭಾಂಡೆಗೆ ಹೇಗೋ ಮಷೀನಿಗೂ ಹಾಗೇ, ಮನೆಯ ಹಿರಿಯನ ಹೆಸರು. ಪ್ರತಿ ಮಷೀನಿಗೂ ಎರಡೆರಡು ಕಡೆ ಚೆಂದಾಗಿ ‘ಅಲ್ಲಾಉದ್ದೀನ, ಬೆಟಗೇರಿ’ ಎಂದು ಹಾಕಿದಳು. ಒಂದು ಹೊರಗೆ ಲೋಹದ ಮೈಮೇಲೆ, ಇನ್ನೊಂದು ತಳದ ತಗಡು ಬಿಚ್ಚಿದರೆ ಕಾಣುವ ಒಳಮೈಯಲ್ಲಿ. ಮಾವ ಬಂದು ಬಗ್ಗಿ ನೋಡಿದ. ಅವನಿಗೆ ಓದಲು ಬರುತ್ತಿದ್ದುದು ತನ್ನ ಹೆಸರೊಂದೇ. ಬೆರಳಿಂದ ಅಕ್ಷರ ಸವರಿ, “ಚೊಲೋ ಆಗೇತಿ” ಎಂದ.

ಆ ಗುರುತು ಒಮ್ಮೆ ಕೆಲಸಕ್ಕೂ ಬಂತು. ಶಿರಹಟ್ಟಿಯಲ್ಲಿ ಕೆಲಸ ನಡೆದಿದ್ದ ಒಂದು ಮನೆಯಿಂದ ಮತ್ತೆ ಕಟರ್ ಕಳವಾಯಿತು. ಕೆಲವು ದಿನಗಳ ಮೇಲೆ ಮುಂಡರಗಿಯ ಗುಜರಿಯೊಂದರಲ್ಲಿ ಪೊಲೀಸರಿಗೆ ಕದ್ದ ಮಷೀನುಗಳ ರಾಶಿಯೇ ಸಿಕ್ಕಿತು. ಕಳ್ಳ ಹೊರಗಿನ ಹೆಸರನ್ನು ಅರದಿಂದ ಉಜ್ಜಿ ಹಾಕಿದ್ದ. ಶಫೀಕ ತಳದ ತಗಡು ಬಿಚ್ಚಿ ಒಳಗಿನ ಹೆಸರು ತೋರಿಸಿದ. “ಅಲ್ಲಾಉದ್ದೀನ ಯಾರು? ಅವರನ್ನ ಕರಕೊಂಡ ಬಾ” ಅಂದರು. ಮುದುಕ ಒಗೆದ ಬಿಳಿ ಅಂಗಿ ತೊಟ್ಟು, ಟೋಪಿ ಹಾಕಿಕೊಂಡು ಹೋಗಿ ಸಹಿ ಮಾಡಿ ಕಟರನ್ನು ಎದೆಗವಚಿಕೊಂಡು ಬಂದ. ಅಂಗಿ ಒಗೆದು ಇಸ್ತ್ರಿ ಮಾಡಿಕೊಟ್ಟವಳು ನಿಶಾತಳೇ. ಅಂದಿನಿಂದ ಚಹಾದಂಗಡಿಯಲ್ಲಿ, ಮಸೀದಿಯ ಮೆಟ್ಟಿಲ ಮೇಲೆ ಅವನಿಗೆ ಅದೊಂದೇ ಕತೆ. “ಸಾಹೇಬ್ರು ಕುರ್ಚಿ ಕೊಟ್ರು. ‘ಇದು ನಿಮ್ಮ ಮಷೀನೇನು?’ ಅಂದ್ರು. ‘ಹೌದ್ರಿ, ನಂದ’ ಅಂದೆ.” ಹೇಳಿದಷ್ಟೂ ಸಲ ಆ ‘ನಂದ’ ಎಂಬುದಕ್ಕೆ ಬಲ ಬರುತ್ತಿತ್ತು. ಶಫೀಕನೂ ನಿಶಾತಳೂ ನಗುತ್ತಿದ್ದರು. ಮುದುಕನಿಗೆ ಒಂದು ಖುಷಿ ಇರಲಿ ಎಂದುಕೊಂಡಿದ್ದರು.

ಹೋದ ವರ್ಷ ಹತ್ತಿ ಬಿಡಿಸುವ ಹೊತ್ತಿಗೆ ಶಫೀಕ ತೀರಿಕೊಂಡ. ಹೊಂಬಳದಿಂದ ಕೆಲಸ ಮುಗಿಸಿ ಬರುವಾಗ, ಹಿಂದೆ ದೀಪವಿಲ್ಲದೆ ರಸ್ತೆಯಲ್ಲೇ ನಿಂತಿದ್ದ ಟ್ರ್ಯಾಕ್ಟರ್ ಟ್ರಾಲಿಗೆ ಅವನ ಬೈಕು ಬಡಿಯಿತು. ಅವನ ಜೊತೆ ಮಷೀನಿನ ಚೀಲವೂ ಮನೆಗೆ ಬಂತು. ತಂದವರು, “ಒಂದೂ ಹೋಗಿಲ್ಲ, ಎಣಿಸಿಕೋರ್ರಿ” ಅಂದರು. ಆ ಗದ್ದಲದಲ್ಲೂ ನಿಶಾತಳ ಕೈ ತಂತಾನೇ ಚೀಲ ಬಿಚ್ಚಿ, ವಾಯರು ಸುತ್ತಿ, ಟ್ರಂಕಿಗೆ ಕೀಲಿ ಹಾಕಿತಂತೆ. ಅವಳಿಗೆ ಅದರ ನೆನಪಿಲ್ಲ. ನೋಡಿದವರು ಆಮೇಲೆ ಹೇಳಿದರು, ಸ್ವಲ್ಪ ಹೊಗಳಿ, ಸ್ವಲ್ಪ ಚುಚ್ಚಿ.

ಗಂಡ ತೀರಿಕೊಂಡ ಮೇಲಿನ ನಾಲ್ಕು ತಿಂಗಳು ಹತ್ತು ದಿನ, ಇದ್ದತ್ತಿನಲ್ಲಿ, ಅವಳು ಹೊಸ್ತಿಲು ದಾಟುವಂತಿರಲಿಲ್ಲ. ಆದರೆ ಹೊಸ್ತಿಲೊಳಗೆ ಹೊಟ್ಟೆಗಳಿದ್ದವು. ತನ್ನದು, ನಸ್ರೀನಳದು, ಮಾವನದು. ಛಪ್ಪರದಲ್ಲಿ ಶಫೀಕ ಅರ್ಧಕ್ಕೆ ಬಿಟ್ಟ ಹಲಗೆಗಳಿದ್ದವು. ಪರದೆ ಇಳಿಬಿಟ್ಟು ಅವನ್ನು ಮುಗಿಸಿದಳು. ಗಿರಾಕಿ ಬಂದು ಒಯ್ದ. ಆಮೇಲೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಒಬ್ಬಳಿಗೆ ದೇವರ ಮಣೆ, ಇನ್ನೊಬ್ಬಳಿಗೆ ಡಬ್ಬಿ ಇಡುವ ಕಪಾಟು, ಮತ್ತೊಬ್ಬಳಿಗೆ ಮಗನ ಓದುವ ಮೇಜು. ಗಂಡಸು ಬಡಗಿಯನ್ನು ಮನೆಗೆ ಕರೆದರೆ ಗಂಡನನ್ನು ಕೇಳಬೇಕು, ನಿಶಾತಳ ಬಳಿ ಹೋದರೆ ಹರಟೆಗೆ ಹೋದ ಹಾಗೆ. ಹೀಗೆ ಮೂರು ಹೊಟ್ಟೆ ನಡೆಯಿತು. ನಸ್ರೀನಳ ಶಾಲೆ ಬಿಡಲಿಲ್ಲ.

ಇದ್ದತ್ತು ಮುಗಿದ ಮೇಲೆ ದೊಡ್ಡ ಕೆಲಸ ಕೊಟ್ಟವಳು ಹಿಂದಿನ ಓಣಿಯ ದ್ರಾಕ್ಷಾಯಣಿ. ನೇಕಾರರ ಮನೆಯವಳು. ಮನೆಯ ಮಗ್ಗ ನಿಂತ ಮೇಲೆ ಮುಂದಿನ ಕೋಣೆಯಲ್ಲೇ ಸೀರೆ ಅಂಗಡಿ ಇಟ್ಟಿದ್ದಳು. ಅವಳಿಗೆ ಗೋಡೆಯುದ್ದಕ್ಕೂ ಹಲಗೆಗಳು ಬೇಕಿದ್ದವು.

“ನಿಶಾತ, ಒಂದ ಮಾತು ಹೇಳಿರ್ತೀನಿ. ರೇಷ್ಮಿ ಸೀರಿ ಇಡಾವು. ಒಂದ ಸಿಬರು ಇದ್ರೂ ಎಳಿ ಹಿಡಿದು ಜಗ್ಗತೈತಿ, ಸೀರಿ ಹಾಳು.”

“ನೀವ ಸೆರಗು ಎಳದು ನೋಡ್ರಿ, ದ್ರಾಕ್ಷಾಯಣೆಕ್ಕ. ಎಲ್ಲರ ಸಿಕ್ಕಿದ್ರ ತಗೋಬ್ಯಾಡ್ರಿ.”

ಸ್ಯಾಂಡಿಂಗ್ ಮಷೀನು ಓಡಿಸಿ, ತನ್ನದೇ ದುಪಟ್ಟಾದ ತುದಿಯನ್ನು ಹಲಗೆಯ ಅಂಚಿನಗುಂಟ ಎಳೆದು ನೋಡುತ್ತಿದ್ದಳು. ಬಟ್ಟೆ ನೀರಿನ ಹಾಗೆ ಜಾರಿದರೆ ಆ ಹಲಗೆ ಮುಗಿಯಿತು. ಈ ಕೆಲಸ ಹಿಡಿಸಿದರೆ ಸೀರೆ ಅಂಗಡಿಯ ಇನ್ನೂ ನಾಲ್ಕು ಮಂದಿಗೆ ಹೇಳುವುದಾಗಿ ದ್ರಾಕ್ಷಾಯಣಿ ಮಾತು ಕೊಟ್ಟಿದ್ದಳು.

ಹಲಗೆಗಳು ಕಾಲುಭಾಗ ಆಗಿದ್ದಾಗ ಮೈದುನ ಶಾನವಾಜ ಲಕ್ಷ್ಮೇಶ್ವರದಿಂದ ಬಾಡಿಗೆಯ ಗೂಡ್ಸ್ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಅವನಿಗೆ ಅಲ್ಲಿ ಫರ್ನಿಚರ್ ಅಂಗಡಿ ಇದೆ. ನಸ್ರೀನಳಿಗೆ ಬಿಸ್ಕಿಟ್ ಪುಡಿಕೆ ಕೊಟ್ಟ, ಅಬ್ಬಾನ ಕಾಲ ಬಳಿ ಕುಳಿತ, ನಿಶಾತ ತಂದ ಚಹಾ ಕುಡಿದ. ಬಸಿಯನ್ನು ಕೆಳಗಿಟ್ಟು ಹೇಳಿದ.

“ಭಾಭಿ, ಮಷೀನು ಒಯ್ಯಾಕ ಬಂದೀನ್ರಿ. ನನ್ನ ಅಂಗಡ್ಯಾಗ ಕೆಲಸ ಭಾಳ ಐತಿ, ಮಷೀನು ಸಾಲವಲ್ವು. ಇಲ್ಲಿ ಸುಮ್ಮ ತುಕ್ಕು ಹಿಡೀತಾವ.”

“ತುಕ್ಕು ಎಲ್ಲಿ ಹಿಡದೈತಿ ತೋರಸ್ರಿ. ದಿನಾ ನಡಸ್ತೀನಿ.”

“ಅದ ಹೇಳೂದು. ಹೆಂಗಸರು ಕಟರ್ ಹಿಡದ್ರ ಬೆರಳು ಹೋಗ್ತಾವ. ನಾಳೆ ಮಂದಿ ನನಗ ಉಗುಳ್ತಾರ, ಅಣ್ಣನ ಹೇಂತಿನ್ನ ದುಡ್ಯಾಕ ಹಚ್ಚ್ಯಾನ ಅಂತ.”

“ಜ್ವಾಳದ ಹಿಟ್ಟು ನಾದೂ ಕೈ ಇವು, ಎಣ್ಣ್ಯಾಗ ಸುಟ್ಟಾವ, ಇಳಿಗಿಗೆ ಕೊಯ್ದಾವ. ಆವಾಗ ಯಾರೂ ಉಗುಳಲಿಲ್ಲಲ್ರಿ? ಮಷೀನು ನಾ ಕೊಡೂದಿಲ್ಲ. ನನ್ನ ಝುಮಕಿ ಮಾರಿ ತಂದಾವು.”

ಶಾನವಾಜ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳವಾದರೂ ಆಗುತ್ತಿತ್ತು. ಛಪ್ಪರದಲ್ಲಿದ್ದ ಡ್ರಿಲ್ಲನ್ನು ಎತ್ತಿ ಬೆಳಕಿಗೆ ಹಿಡಿದ. “ಹೆಸರು ಅಬ್ಬಾಂದು ಐತಲ್ರಿ, ಭಾಭಿ. ಅಬ್ಬಾನ ವಸ್ತು ಅಬ್ಬಾ ಕೊಟ್ರ ಒಯ್ತೀನಿ. ಇಲ್ಲಂದ್ರ ಇಲ್ಲ.”

“ನಿಮ್ಮ ಅಂಗಡಿ ಮಷೀನಿನ ಮ್ಯಾಲೆ ಯಾರ ಹೆಸರು ಐತ್ರಿ?”

“ನಂದು.”

“ಅಬ್ಬಾ ಇರೂವಾಗ?”

“ಅದು ವ್ಯಾಪಾರ, ಭಾಭಿ. ಬಿಲ್ಲು ನನ್ನ ಹೆಸರಿಗೆ ಬರ್ತೈತಿ.”

ಹಿರಿಯರೊಬ್ಬರು ಕುಳಿತು ಹೇಳಲಿ ಎಂದು ನಿಶಾತಳೇ ಪಟ್ಟು ಹಿಡಿದಳು. ಜಮಾತಿನ ಮೊಹಸಿನ ಚಾಚಾ ಬಂದರು. ಒಳ್ಳೆಯ ಮನುಷ್ಯ. ಶಫೀಕನ ದಫನಿನ ದಿನ ಎಲ್ಲ ಓಡಾಟ ಮಾಡಿದವರು. ಮಷೀನುಗಳನ್ನೆಲ್ಲ ಛಪ್ಪರದ ನೆಲದ ಮೇಲೆ ಸಾಲಾಗಿ ಇಡಿಸಿದರು. ನಿಶಾತ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ನೋಡು ಬೇಟಿ” ಎಂದು ಚಾಚಾ ನಿಧಾನವಾಗಿ ಬಿಡಿಸಿ ಹೇಳಿದರು. “ಇವು ನಿನ್ನ ದಾಗೀನದಿಂದ ಬಂದಿದ್ರ ನಿನ್ನವು, ಯಾರೂ ಮುಟ್ಟಂಗಿಲ್ಲ. ಶಫೀಕನವು ಅಂತಾದ್ರ ನಿನಗೂ ಕೂಸಿಗೂ ಪಾಲು ಐತಿ. ಆದ್ರ ಅಲ್ಲಾಉದ್ದೀನ ಭಾಯಿದ್ದು ಅಂತಾದ್ರ, ಅಂವಾ ಜೀವಂತ ಅದಾನ. ತನ್ನ ವಸ್ತು ಯಾರಿಗೆ ಬೇಕು ಅವರಿಗೆ ಕೊಡತಾನ. ಅಪ್ಪಗಿಂತ ಮೊದಲ ತೀರಿದ ಮಗನ ಕಡೆಯವರಿಗೆ ಅದರಾಗ ಹಕ್ಕಿಲ್ಲ. ಈಗ ಹೇಳು, ಝುಮಕಿ ಕೊಟ್ಟಿದ್ದು ನೋಡಿದವರು ಯಾರು?”

“ಅವರು ನೋಡಿದ್ರು.”

“ಶಫೀಕ ಹ್ವಾದ. ಬ್ಯಾರೆ ಯಾರು?”

“ಅಬ್ಬಾಗ ಗೊತ್ತೈತಿ. ಅಲ್ಲೇ ಕುಂತಿದ್ರು.”

ಎಲ್ಲರೂ ಅಲ್ಲಾಉದ್ದೀನನ ಕಡೆ ನೋಡಿದರು. ಶಾನವಾಜ ಅವಸರ ಮಾಡದೆ ಕಟರಿನ ತಳದ ತಗಡು ಬಿಚ್ಚಿ, ಒಳಗಿನ ಹೆಸರು ಮೇಲೆ ಬರುವ ಹಾಗೆ ಅಪ್ಪನ ತೊಡೆಯ ಮೇಲಿಟ್ಟ. ಮುದುಕ ಅದನ್ನು ಎರಡೂ ಕೈಯಲ್ಲಿ ಹಿಡಿದ. ಬೆರಳು ಅಕ್ಷರಗಳ ಮೇಲೆ ಹೋಯಿತು, ಒಂದು ತುದಿಯಿಂದ ಇನ್ನೊಂದು ತುದಿಗೆ. ಅಷ್ಟು ವರ್ಷ ನಿಶಾತ ಅವನ ಅಂಗಿ ಒಗೆದಿದ್ದಳು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದ್ದಳು, ಹಲ್ಲು ಬಿದ್ದ ಬಾಯಿಗೆ ರೊಟ್ಟಿಯನ್ನು ಸಾರಿನಲ್ಲಿ ಹಿಚುಕಿ ಕೊಟ್ಟಿದ್ದಳು. ಬರೇ ಒಂದು ಮಾತು ಬೇಕಿತ್ತು. ಸೊಸಿದು ಅನ್ನದಿದ್ದರೂ ಮಗಂದು ಅಂದಿದ್ದರೆ ಸಾಕಿತ್ತು.

“ಹೆಸರು ನಂದ ಐತಿ” ಎಂದ ಅಲ್ಲಾಉದ್ದೀನ.

ಮೊಹಸಿನ ಚಾಚಾ ಇನ್ನೊಮ್ಮೆ ಕೇಳಿದರು. “ಭಾಯಿ, ಯೋಚನೆ ಮಾಡಿ ಹೇಳು. ದಾಗೀನದ ಮಾತು ಖರೆ ಏನು?”

“ಪೊಲೀಸ್ ಸ್ಟೇಶನ್ನಿನ್ಯಾಗೂ ನಂದ ಅಂತ ಬರದಾರ. ನಾನ ಸಹಿ ಮಾಡೀನಿ” ಎಂದ ಮುದುಕ, ಕಟರಿನಿಂದ ಕಣ್ಣು ತೆಗೆಯದೆ.

ಚಾಚಾ ನಿಶಾತಳ ಕಡೆ ತಿರುಗಿದರು. “ಈ ಹೆಸರು ಹಾಕಿದವರು ಯಾರು, ಬೇಟಿ?”

“ನಾನ.”

ಚಾಚಾ ಎದ್ದು ನಿಂತರು. ಅವರ ಮುಖ ಬಾಡಿತ್ತು. ಆದರೆ ಬಾಡಿದ ಮುಖದಿಂದ ಮಷೀನು ಉಳಿಯುವುದಿಲ್ಲ. ಕಬ್ಬಿಣದ ಮೇಲೆ ಅವಳದೇ ಕೈಬರಹದಲ್ಲಿ ಸಾಕ್ಷಿ ಇತ್ತು. ಅದನ್ನು ಅರ ಹಿಡಿದ ಕಳ್ಳನಿಗೂ ಅಳಿಸಲಾಗಿರಲಿಲ್ಲ.

ಶಾನವಾಜ ಒಂದೊಂದಾಗಿ ಗಾಡಿಗೆ ಇಟ್ಟ. “ಬಿಟ್ಟಿನ ಡಬ್ಬಿ ಎಲ್ಲ್ಯೈತ್ರಿ, ಭಾಭಿ?” ಎಂದು ಕೇಳಿದ. ಅವಳು ಟ್ರಂಕು ತೆರೆದು ಡಬ್ಬಿ ಕೊಟ್ಟಳು. ಕೊಡುವ ಮೊದಲು ಮುಚ್ಚಳ ತೆಗೆದು ಎಣಿಸಿದಳು, ರೂಢಿ. “ಅಬ್ಬಾ ಇಲ್ಲೇ ಇರಲಿ” ಎಂದ ಅವನು ಗಾಡಿ ಹತ್ತುವಾಗ. “ನಮ್ಮದು ಅಂಗಡಿ ಮ್ಯಾಲಿನ ಮನಿ, ಮೆಟ್ಟಲು ಹತ್ತಾಕ ಅವರಿಗೆ ಆಗೂದಿಲ್ಲ. ನಿಮ್ಮ ಕೈಯಾನ ರೊಟ್ಟಿಗೂ ಹೊಂದ್ಯಾರ.” ಮಷೀನುಗಳಿಗೆ ಮೆಟ್ಟಿಲ ತೊಂದರೆ ಇರಲಿಲ್ಲ.

ದ್ರಾಕ್ಷಾಯಣಿಯ ಮುಕ್ಕಾಲು ಭಾಗ ಹಲಗೆ ಬಾಕಿ ಇತ್ತು. ನಿಶಾತ ಪೇಟೆಯಿಂದ ಪಾಲಿಶ್ ಪೇಪರ್ ತಂದು ಮರದ ತುಂಡಿಗೆ ಸುತ್ತಿಕೊಂಡು ಕೈಯಿಂದಲೇ ತಿಕ್ಕಲು ಕುಳಿತಳು. ಮುಂಜಾನೆ ಒಲೆ, ನೀರು, ನಸ್ರೀನಳ ಜಡೆ, ಡಬ್ಬಿ, ಮಾವನ ಬಟ್ಟೆ. ಆಮೇಲೆ ಹಲಗೆ. ಮಷೀನು ಚಹಾ ಕುದಿಯುವಷ್ಟರಲ್ಲಿ ಮಾಡುತ್ತಿದ್ದುದಕ್ಕೆ ಇಡೀ ಮಧ್ಯಾಹ್ನ ಬೇಕಾಗುತ್ತಿತ್ತು. ಹೆಬ್ಬೆರಳ ಸಂದಿನ ಚರ್ಮ ಎದ್ದುಬಂತು. ಸಂಜೆ ಆ ಕೈಯಿಂದ ಉಪ್ಪು-ಖಾರ ಮುಟ್ಟುವಾಗ ಜೀವ ಝುಮ್ಮೆನ್ನುತ್ತಿತ್ತು.

ಮಾವ ಒಂದು ದಿನ ಹೊರಗೆ ಬಂದು ನಿಂತು ನೋಡಿದ. ಕೈಕೆಲಸದ ಹಳೆಯ ಹುರುಪು ಬಂತೋ ಏನೋ, “ಹಂಗಲ್ಲ, ಬೇಟಿ” ಎಂದ. “ಮರದ ಎಳಿ ಹೆಂಗ ಹೋಗೇತಿ ಹಂಗ ತಿಕ್ಕಬೇಕು. ಅಡ್ಡ ತಿಕ್ಕಿದ್ರ ಗೀರು ಬೀಳ್ತಾವ.”

ಅವಳು ತಲೆ ಎತ್ತಲಿಲ್ಲ. ಅವನು ಹೇಳಿದ ಹಾಗೆಯೇ ತಿಕ್ಕಿದಳು, ಯಾಕೆಂದರೆ ಅವನು ಹೇಳಿದ್ದು ಸರಿಯಿತ್ತು.

ದ್ರಾಕ್ಷಾಯಣಿ ಹೇಳಿದ ದಿನಕ್ಕಿಂತ ಎರಡು ವಾರ ಹೆಚ್ಚು ಕಾದಳು. ಬಂದಾಗ ಅರ್ಧದಷ್ಟು ಹಲಗೆಗಳೂ ಆಗಿರಲಿಲ್ಲ. ಆದದ್ದರ ಮೇಲೆ ತನ್ನ ಸೆರಗು ಎಳೆದು ನೋಡಿದಳು. ಮಧ್ಯದವರೆಗೆ ಜಾರಿದ್ದು ಅಂಚಿನ ಬಳಿ ತಟ್ಟನೆ ನಿಂತಿತು. ಒಂದು ಎಳೆ ಹೊರಗೆ ಬಂತು.

“ಎರಡು ದಿನ ಕೊಡ್ರಿ, ಅಕ್ಕ.”

ದ್ರಾಕ್ಷಾಯಣಿ ಎಳೆಯನ್ನು ಉಗುರಿನಿಂದ ಒಳಗೆ ಸೇರಿಸಿದಳು. “ನಿನ್ನ ಕೈ ನೋಡಿದ್ರ ನನಗ ಅನ್ನ ಇಳಿಯೂದಿಲ್ಲ, ಯವ್ವಾ. ಆದ್ರ ಲಗ್ನದ ಸೀಝನ್ ಬಂತು, ಸೀರಿ ನೆಲದ ಮ್ಯಾಲೆ ಬಿದ್ದಾವ. ನಮ್ಮ ಮನಿಯವ್ರು ಸ್ಟೀಲ್ ರ್‍ಯಾಕಿಗೆ ಹೇಳಿಬಿಟ್ಟಾರ.” ನಾಲ್ಕು ಮಂದಿಗೆ ಹೇಳುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ಅಂದು ಮಧ್ಯಾಹ್ನ ನಿಶಾತ ಹಲಗೆಗಳನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಹಿಟ್ಟು ನಾದಿದಳು. ಅಲ್ಲಾಉದ್ದೀನ ಫೋನು ಕಿವಿಯಿಂದ ತೆಗೆದು, ತಾಟಿನ ಮುಂದೆ ಕುಳಿತುಕೊಳ್ಳುತ್ತ ಸಂತೋಷದಿಂದ ಹೇಳಿದ.

“ಶಾನವಾಜ ಮಾತಾಡಿದ. ಅಂಗಡ್ಯಾಗ ತಿಕ್ಕೂ ಕೆಲಸಕ್ಕ ಮಂದಿ ಸಿಗವಲ್ರಂತ. ಭಾಭಿ ದಿನಾ ಬಸ್ಸಿಗೆ ಬಂದು ಹೋಗಲಿ, ಪಗಾರ ಕೊಡ್ತೀನಿ ಅಂದ. ತ್ರಾಸ ಇಲ್ಲ ನಿನಗ, ನಿನ್ನ ಮಷೀನ ಕೊಡ್ತಾನಂತ.”

ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ನಿಶಾತ ಅದನ್ನು ತಿರುವಲಿಲ್ಲ.

“ಯಾರ ಮಷೀನ್ರಿ, ಅಬ್ಬಾ?”

ಮುದುಕನ ಕೈ ಪಲ್ಯದ ಮೇಲೆ ನಿಂತಿತು.

“ಝುಮಕಿ ಬಿಚ್ಚಿಕೊಟ್ಟಿದ್ದು ನಿಮಗ ಗೊತ್ತಿತ್ತಲ್ರಿ?”

“ಗೊತ್ತಿತ್ತು.”

“ಮತ್ತ?”

ಅವನು ತಾಟಿನ ಕಡೆಯೇ ನೋಡುತ್ತ ಮಾತಾಡಿದ. “ಸಣ್ಣಾಂವ ಇದ್ದಾಗಿಂದ ಮಂದಿ ಬಾಗಲಾ ಮಾಡೀನಿ, ಬೇಟಿ. ಈ ಗದಗಿನಾಗ ಎಷ್ಟ ಬಾಗಲಾ! ನನ್ನ ಸ್ವಂತದ್ದು ಒಂದ ಚೌಕಟ್ಟಿಲ್ಲ. ಯಾವುದರ ಮ್ಯಾಲೂ ನನ್ನ ಹೆಸರು ಇರಲಿಲ್ಲ. ನೀ ಬರದಿ. ಅದನ್ನ ಬಾಯಲೆ ಅಲ್ಲ ಅನ್ನಾಕ... ಆಗಲಿಲ್ಲ ನನಗ.”

ರೊಟ್ಟಿ ಸೀದ ವಾಸನೆ ಬಂತು. ಅವಳು ಅದನ್ನು ತೆಗೆದು ತನ್ನ ತಾಟಿಗೆ ಹಾಕಿಕೊಂಡಳು. ಅಳಬೇಕು ಅನ್ನಿಸಿತು, ಬೈಯಬೇಕು ಅನ್ನಿಸಿತು. ಮುದುಕನ ಮಾತಿನಲ್ಲಿ ಸುಳ್ಳು ಒಂದಿಷ್ಟೂ ಇರಲಿಲ್ಲ, ಆದ್ದರಿಂದ ಬೈಯಲೂ ಬಾರದಾಯಿತು. ಇನ್ನೊಂದು ಉಂಡೆ ತೆಗೆದುಕೊಂಡು ಬಡಿದಳು. ಚರ್ಮ ಎದ್ದ ಕೈ ಹಿಟ್ಟಿಗೆ ಅಂಟಿ ಉರಿಯಿತು. ಬೆಂದ ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು.

“ಲಕ್ಷ್ಮೇಶ್ವರಕ್ಕ ಮುಂಜಾನೆ ಬಸ್ಸು ಎಷ್ಟಕ್ಕ ಐತ್ರಿ?”

“ಏಳಕ್ಕೊಂದು ಐತಿ” ಎಂದ ಅಲ್ಲಾಉದ್ದೀನ, ರೊಟ್ಟಿ ಮುರಿಯುತ್ತ. “ನನ್ನ ಚಿಂತಿ ಮಾಡಬ್ಯಾಡ ನೀ. ಮಧ್ಯಾಹ್ನಕ್ಕ ಎರಡು ರೊಟ್ಟಿ ಸಾರಿನ್ಯಾಗ ಹಿಚುಕಿ ಮುಚ್ಚಿಟ್ಟು ಹೋಗು, ಅಷ್ಟ ಸಾಕು.”